ಹದಿನೇಳನೆಯ ಫಿಲಂ

ಅರಸೀಕೆರೆ
17-11-1998, ಮಂಗಳವಾರ

ಪ್ರೀತಿಯ ಮಗಳು ಸಿರಿಗೆ,

ನಿನ್ನ ಅಪ್ಪನ ಮನಸ್ಸು ತುಂಬಿದ ಆಶೀರ್ವಾದ.

ಹೇಗಿದ್ದೀಯಮ್ಮ? ಪುಣೆಯಲ್ಲಿ ಚಳಿ ಶುರುವಾಗಿದೆ ಅಂತ ಪೇಪರಿನಲ್ಲಿ ಓದಿದೆ. ನಿನ್ನಮ್ಮ ಹೆಣೆದುಕೊಟ್ಟ ಸ್ವೆಟರು ಪೆಟ್ಟಿಗೆಯ ತಳದಲ್ಲೇ ಇದೆಯೋ, ಮೈಮೇಲೆ ಬಂದಿದೆಯೋ? ದಿನವಿಡೀ ದೀಪದ ಪೆಟ್ಟಿಗೆಯ ಮುಂದೆ ಕೂತು ಎಕ್ಸ್-ರೇ ಫಿಲಂ ನೋಡಿದರೆ ಕಣ್ಣು ಉರಿಯುತ್ತದೆ. ಗಂಟೆಗೊಂದು ಸಲ ಎದ್ದು ಹೊರಗೆ ಹೋಗಿ ಯಾವುದಾದರೂ ಮರ ನೋಡಿಕೊಂಡು ಬಾ. ಇದನ್ನು ನಾನು ಹೇಳಿದರೆ ನಗುತ್ತೀಯ, ನಿಮ್ಮ ಸರ್ ಹೇಳಿದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೀಯ. ಇರಲಿ. ಮೆಸ್ಸಿನ ಊಟ ಸೇರುತ್ತಿಲ್ಲ ಅಂತ ಬರೆದಿದ್ದೆಯಲ್ಲ, ಈಗ ಹೇಗೆ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನಿಗೆ ಮಂಡಿನೋವು ಇದ್ದಿದ್ದೇ. ನಿನ್ನೆ ಕಾರ್ತಿಕ ಸೋಮವಾರ ಅಂತ ಬೇಡವೆಂದರೂ ದೇವಸ್ಥಾನದ ಮೆಟ್ಟಿಲು ಹತ್ತಿ ಬಂದು ಈಗ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದಾಳೆ. ನಿನ್ನ ದೊಡ್ಡಪ್ಪ ಕೊಬ್ಬರಿ ಮಂಡಿಯಿಂದ ಬರುವಾಗೆಲ್ಲ "ಸಿರಿ ಯಾವಾಗ ಬರ್ತಾಳೋ" ಅಂತ ಕೇಳಿ ಹೋಗುತ್ತಾರೆ. ನನಗೆ ಬಿ.ಪಿ. ಸ್ವಲ್ಪ ಜಾಸ್ತಿ ಅಂತ ನಮ್ಮ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಹೇಳಿದರು. ಅದಕ್ಕೆ ಕಾರಣ ನನಗೆ ಗೊತ್ತು, ಅವರಿಗೆ ಹೇಳಲಿಲ್ಲ.

ಕಾರಣ ನಿಮ್ಮ ಸರ್. ನಗಬೇಡ ಕಣೇ. ನೀನು ಹೋದ ಮೇಲೆ ಬಂದ ನಿನ್ನ ನಾಲ್ಕೂ ಪತ್ರಗಳನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ಎಣಿಸಿದೆ. "ಸರ್" ಅಂತ ಐವತ್ತಮೂರು ಕಡೆ ಇದೆ. "ಅಪ್ಪಾ" ಅಂತ ಒಂಬತ್ತು ಕಡೆ, ಅದರಲ್ಲಿ ನಾಲ್ಕು ಪತ್ರದ ತಲೆಯಲ್ಲಿ ಬರೆಯಲೇಬೇಕಾದವು. ಸರ್ ಕಲ್ಕತ್ತೆಯವರು, ಸರ್ ಬೆಳಿಗ್ಗೆ ಏಳಕ್ಕೇ ಬಂದು ಕೂರುತ್ತಾರೆ, ಸರ್ ಫಿಲಂ ಮುಟ್ಟುವ ಮೊದಲು ಕೈ ತೊಳೆಯುತ್ತಾರೆ, ಸರ್‌ಗೆ ಸಿಟ್ಟೇ ಬರುವುದಿಲ್ಲ. ದೇಶದ ಮೂಲೆಮೂಲೆಯಿಂದ ಹನ್ನೆರಡು ಜನ ಎಳೆಯ ಡಾಕ್ಟರುಗಳನ್ನು ಆರಿಸಿ, ಮೂರು ತಿಂಗಳು ಕೂರಿಸಿಕೊಂಡು, ಶ್ವಾಸಕೋಶದ ಚಿತ್ರ ತೆಗೆಯುವುದು, ಓದುವುದು, ಅದರ ಮೇಲೆ ಸಂಶೋಧನೆ ಮಾಡುವುದು ಹೇಗೆಂದು ಕಲಿಸುತ್ತಾರೆ. ಒಳ್ಳೆಯ ಕೆಲಸ, ಅಲ್ಲವೆನ್ನುವುದಿಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ಫಿಲಂ ನೋಡಿ, ಒಬ್ಬರಿಗೊಬ್ಬರು ತೋರಿಸದೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಆಮೇಲೆ ಸರ್ ಒಂದೊಂದೇ ಚೀಟಿ ತೆಗೆದು ಓದುತ್ತಾರೆ ಅಂತ ಬರೆದಿದ್ದೆ. ನಿನ್ನ ಅಕ್ಷರವೇ ಕುಣಿಯುತ್ತಿತ್ತು. ಎಂಟು ವರ್ಷದವಳಿದ್ದಾಗ ಹಿತ್ತಲಿನ ತಂತಿಗೆ ಒಣಹಾಕಿದ ಫಿಲಂಗಳ ಕೆಳಗೆ ನಿಂತು, ಪಕ್ಕೆಲುಬು ಎಣಿಸಿ, "ಅಪ್ಪಾ, ಈ ತಾತನ ಹೃದಯ ದಪ್ಪ ಐತೆ" ಅಂತ ಹೇಳಿದವಳು ನೀನು. ಅದನ್ನು ಹೇಳಿಕೊಟ್ಟವನು ಯಾರು? ನಿನ್ನ ಪತ್ರದಲ್ಲಿ ಅದಕ್ಕೆ ಒಂದು ಸಾಲು ಜಾಗ ಸಿಗಲಿಲ್ಲ.

ಹೌದು, ಹೊಟ್ಟೆಕಿಚ್ಚು. ಬರೆದೇಬಿಟ್ಟೆ. ನಿನ್ನಮ್ಮ ಇದನ್ನು ಎರಡು ತಿಂಗಳ ಹಿಂದೆಯೇ ಕಂಡುಹಿಡಿದಳು. "ನಿಮಗೆ ಹೊಟ್ಟೆಕಿಚ್ಚು ಕಣ್ರೀ, ಮಗಳು ಮದುವೆಯಾಗಿ ಹೋಗಿದ್ರೂ ಅಳಿಯನ ಮೇಲೆ ಇಷ್ಟು ಉರ್ಕೋತಿರ್ಲಿಲ್ಲ" ಅಂತ ರೊಟ್ಟಿ ತಟ್ಟುತ್ತಲೇ ಹೇಳಿದಳು. ನಾನು ತಟ್ಟೆ ಬಿಟ್ಟು ಎದ್ದುಹೋದೆ, ಹಸಿವಾದ ಮೇಲೆ ವಾಪಸು ಬಂದೆ. ನಿಮ್ಮ ಸರ್ ಮೇಲೆ ಮಾತ್ರವಲ್ಲ, ನಿನ್ನ ಮೇಲೂ ಹೊಟ್ಟೆಕಿಚ್ಚು. ಎದೆಯನ್ನು ಕೊಬ್ಬರಿ ಹೆರೆದಷ್ಟು ತೆಳುವಾಗಿ ಹೋಳು ಮಾಡಿ ತೋರಿಸುವ ಆ ಸಿ.ಟಿ. ಮೆಷಿನ್ನಿನ ಬಗ್ಗೆ ನೀನು ಎರಡು ಪುಟ ಬರೆದೆಯಲ್ಲ, ಅವತ್ತು ನನ್ನ ಹಳೇ ಎಕ್ಸ್-ರೇ ಮೆಷಿನ್ನಿನ ಮುಂದೆ ನಿಂತು ಸುಮ್ಮನೆ ಬೈದೆ. ಇಪ್ಪತ್ತಾರು ವರ್ಷದಿಂದ ಇದೇ ಕತ್ತಲೆ ಕೋಣೆ, ಇದೇ ಕೆಂಪು ಬಲ್ಬು, ಫಿಲಂ ತೊಳೆಯುವ ರಸಾಯನದ ಇದೇ ಹುಳಿ ವಾಸನೆ. ಕೊಬ್ಬರಿ ಮಂಡಿ ಬೇಡವೆಂದು ಇದಕ್ಕೆ ಬಂದವನು ನಾನು. ಎದೆಯ ಒಳಗನ್ನು ನನ್ನಷ್ಟು ನೋಡಿದವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಆದರೆ ನೋಡಿದ್ದನ್ನು ಹೇಳುವ ಅಧಿಕಾರ ನನಗಿಲ್ಲ, ಅದು ಡಾಕ್ಟರರದು. ನನ್ನ ಮಗಳಿಗೆ ಆ ಅಧಿಕಾರ ಬಂದಾಗ ನನಗೇ ಬಂದಷ್ಟು ಸಂತೋಷಪಟ್ಟೆ. ಅದರ ಅರ್ಧವನ್ನು ಕಲ್ಕತ್ತೆಯವರು ಎತ್ತಿಕೊಂಡು ಹೋದರು ಅಂತ ಅನ್ನಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಇಪ್ಪತ್ತೆಂಟಕ್ಕೆ ನೀವು ಹನ್ನೆರಡೂ ಜನ ನಿಮ್ಮನಿಮ್ಮ ಸೀಮೆಯ ಎದೆರೋಗದ ಬಗ್ಗೆ ಫಿಲಂ ಇಟ್ಟು ಮಾತಾಡಬೇಕು, ಅದರಲ್ಲಿ ಒಬ್ಬರನ್ನು ಮಾತ್ರ ಎರಡು ವರ್ಷದ ಸಂಶೋಧನೆಗೆ ಅಲ್ಲೇ ಉಳಿಸಿಕೊಳ್ಳುತ್ತಾರೆ. ಆ ಒಂದು ಜಾಗ ನಿನಗೆ ಪ್ರಾಣ ಅಂತ ನನಗೆ ಗೊತ್ತು. ಹಳೇಬೀಡಿನ ಸುತ್ತ ಕಲ್ಲು ಕೆತ್ತುವವರ, ಉಜ್ಜುವವರ ಶ್ವಾಸಕೋಶದಲ್ಲಿ ದೂಳು ಏನು ಮಾಡಿದೆ ಅನ್ನುವುದನ್ನು ನೀನು ಆರಿಸಿಕೊಂಡೆ, ಫಿಲಂ ತೆಗೆಯುವ ಕೆಲಸ ನನಗೆ ಕೊಟ್ಟೆ. ಅವತ್ತು ನನಗೆಷ್ಟು ಹಿಗ್ಗಾಯಿತು ಗೊತ್ತಾ? ಹಳೇಬೀಡಿಗೆ, ಬಸ್ತಿಹಳ್ಳಿಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಿದೆ. ಡಾಕ್ಟರಮ್ಮನ ಕೈಕಾಲು ಹಿಡಿದು ಮೂರು ಭಾನುವಾರ ಮೆಷಿನ್ ಬಿಡಿಸಿಕೊಂಡೆ. ಮೆಟಡೋರಿನಲ್ಲಿ ಜಾವಗಲ್ ಮೇಲೆ ಅವರನ್ನು ಕರೆಸಿಕೊಳ್ಳುವ ಏರ್ಪಾಡು ಮಾಡಿದೆ. ಮೊದಲನೆಯ ಭಾನುವಾರ ಹದಿನೈದು ಫಿಲಂ ಆಯಿತು, ಒಂದಕ್ಕಿಂತ ಒಂದು ಚೆನ್ನಾಗಿ ಬಂತು. ಮಾರನೆಯ ವಾರ ನಿನ್ನಿಂದ ಒಂದು ದಪ್ಪ ಲಕೋಟೆ ಬಂತು.

ಒಳಗೆ ಎರಡು ಪುಟ ಟೈಪು ಮಾಡಿದ ಕಾಗದ. ಎದೆಯ ಎಕ್ಸ್-ರೇ ತೆಗೆಯುವುದು ಹೇಗೆ ಅಂತ ನಿಮ್ಮ ಸರ್ ಬರೆದ ಸೂಚನೆಗಳು. ಆರು ಅಡಿ ದೂರ ಇರಬೇಕಂತೆ. ಗದ್ದ ಮೇಲೆತ್ತಿಸಬೇಕಂತೆ. ಭುಜ ಮುಂದಕ್ಕೆ ತರಿಸಬೇಕಂತೆ. ಉಸಿರು ಪೂರ್ತಿ ಎಳೆದು ಹಿಡಿಯಲು ಹೇಳಬೇಕಂತೆ. ಇಪ್ಪತ್ತಾರು ವರ್ಷದಿಂದ "ಉಸ್ರು ಎಳ್ಕಳಿ, ಹಿಡ್ಕಳಿ, ಬುಡಿ" ಅಂತ ಗಂಟಲು ಹರಿದುಕೊಂಡವನಿಗೆ! ಅದರ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ನಿನ್ನದೇ ಅಕ್ಷರ: "ಅಪ್ಪಾ, ದಯವಿಟ್ಟು ಇದರ ಪ್ರಕಾರವೇ ತೆಗೆಯಿರಿ." ಆ "ದಯವಿಟ್ಟು" ಇದೆಯಲ್ಲ, ಅದನ್ನು ಓದಿ ನನ್ನ ಕಿವಿ ಬಿಸಿಯಾಯಿತು. ಎಲ್ಲ ಹನ್ನೆರಡು ಊರಿಗೂ ಅದೇ ಕಾಗದ ಹೋಗಿರುತ್ತದೆ, ನನಗೆಂದೇ ಬರೆದದ್ದಲ್ಲ ಅಂತ ಈಗ ಅರ್ಥವಾಗುತ್ತದೆ. ಅವತ್ತು ಆಗಲಿಲ್ಲ. ಎರಡೂ ಪುಟವನ್ನು ಸಾಲು ಸಾಲಾಗಿ ಓದಿ, ಏನಾದರೂ ಬಿಟ್ಟಿದ್ದಾರಾ ಅಂತ ಹುಡುಕಿದೆ. ಬಿಟ್ಟಿದ್ದರು. ಸರ, ಬಳೆ, ತಾಯಿತ, ಗುಂಡಿ ಎಲ್ಲ ತೆಗೆಸಬೇಕು ಅಂತ ಬರೆದಿದ್ದರು. ಲಿಂಗದ ಮಾತಿರಲಿಲ್ಲ.

ನಮ್ಮ ಲಿಂಗದ ಕಥೆ ನಿನಗೆ ಹೊಸದಲ್ಲ. ಎದೆಯ ಮೇಲಿನ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡಲು ನಮ್ಮವರು ಒಪ್ಪುವುದಿಲ್ಲ. ಬಿಚ್ಚಿ ಟ್ರೇನಲ್ಲಿಡಿ ಅಂದರೆ ಎಕ್ಸ್-ರೇ ಬೇಡವೇ ಬೇಡ ಅಂತ ಎದ್ದುಹೋಗುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಅವ್ವನೇ ಹಾಗೆ ಎದ್ದುಹೋದವಳು, ಕೆಮ್ಮಿಕೊಂಡೇ. ಅವಳನ್ನು ಬಾಗಿಲಲ್ಲಿ ತಡೆದು, ಲಿಂಗದ ದಾರವನ್ನು ಗಿಡ್ಡ ಮಾಡಿ, ನೆತ್ತಿಯ ಮೇಲೆ ಕೂರಿಸಿ, ಬಿಳಿ ಬಟ್ಟೆಪಟ್ಟಿಯಲ್ಲಿ ಕಟ್ಟಿದೆ. ಮೈಬಿಟ್ಟೂ ಹೋಗಲಿಲ್ಲ, ಎದೆಯ ಮೇಲೂ ಉಳಿಯಲಿಲ್ಲ. ಅವ್ವ "ಶಿರದ ಮ್ಯಾಲೆ ಅಂದ್ರೆ ಇನ್ನೂ ಒಳ್ಳೇದಾಯ್ತಲ್ಲಪ್ಪ" ಅಂತ ನಕ್ಕು ಹಲಗೆಗೆ ಎದೆ ಒತ್ತಿ ನಿಂತಳು. ಆವತ್ತಿನಿಂದ ಮೆಷಿನ್ನಿನ ಪಕ್ಕದ ಮೊಳೆಗೆ ಬಟ್ಟೆಪಟ್ಟಿಗಳು ಸದಾ ನೇತಾಡುತ್ತವೆ, ಪ್ರತಿ ಸಲ ಒಗೆದದ್ದು. ನನ್ನ ಫಿಲಂ ಒಂದರಲ್ಲೂ ಲಿಂಗದ ನೆರಳು ಬಿದ್ದಿಲ್ಲ. ಬಿದ್ದಿರಲಿಲ್ಲ.

ಎರಡನೆಯ ಭಾನುವಾರ ಬಸ್ತಿಹಳ್ಳಿಯ ದೇವೀರಪ್ಪ ಬಂದ. ನಿನಗೆ ಅವನು ಬರೀ ನಂಬರು, ಆದ್ದರಿಂದ ಹೇಳುತ್ತೇನೆ. ಐವತ್ತರ ಆಸುಪಾಸು, ತೆಳ್ಳಗಿನ ಆಳು, ಮೂವತ್ತು ವರ್ಷದಿಂದ ಬಳಪದ ಕಲ್ಲಿನ ಬೊಂಬೆಗಳನ್ನು ಉಜ್ಜಿ ನುಣುಪು ಮಾಡುವ ಕೆಲಸ. ರೆಪ್ಪೆಯ ಕೂದಲಿನ ಮೇಲೂ ದೂಳು. ಸಾಲಿನಲ್ಲಿದ್ದವರನ್ನು ನೋಡಿ ತಿಳಿದುಕೊಂಡಿದ್ದ, ಒಳಗೆ ಬಂದವನೇ ಎದೆಗೆ ಕೈಯಿಟ್ಟು "ಸ್ವಾಮೀ, ಲಿಂಗ ತಲೆಗ್ ಕಟ್ಕಳ್ಳಲಾ?" ಅಂತ ಕೇಳಿದ. ನಾನು ಮೊಳೆಯ ಕಡೆ ನೋಡಿದೆ. ಗೋಡೆಗೆ ಅಂಟಿಸಿದ್ದ ನಿಮ್ಮ ಸರ್ ಕಾಗದದ ಕಡೆ ನೋಡಿದೆ. "ಬ್ಯಾಡ ಬಿಡಪ್ಪ, ಅಲ್ಲೇ ಇರ್ಲಿ" ಅಂದೆ. ಲಿಂಗವಿಡುವ ಬೆಳ್ಳಿ ಕರಡಿಗೆಯಾಗಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ಅವನದು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದು. ಎದೆ ಒತ್ತಿದಾಗ ಜಾರಿ ಎಡಕ್ಕೆ ಹೋಗಿ ಎರಡು ಪಕ್ಕೆಲುಬುಗಳ ನಡುವೆ ಕೂತಿತು. ಫಿಲಂ ತೊಳೆದಾಗ ಎಡಗಡೆ ಕೆಳಗೆ ಗೋಲಿಯಷ್ಟು ಬೆಳ್ಳನೆಯ ಗುಂಡು. ನಾನೇ ನೋಡಿ ಬೆಚ್ಚಿದೆ, ಅಷ್ಟು ಚೆನ್ನಾಗಿ ಬಂದಿತ್ತು. ದೊಡ್ಡ ಸರ್ ಕಂಡುಹಿಡಿಯಲಿ ನೋಡೋಣ ಅಂತ ಹದಿನೇಳು ಅಂತ ನಂಬರು ಬರೆದು ಉಳಿದವುಗಳ ಜೊತೆ ಸೇರಿಸಿಬಿಟ್ಟೆ. ದೀಪಾವಳಿ ಕಳೆದ ಮೇಲೆ, ಮೂರೂ ಭಾನುವಾರದ್ದು ಸೇರಿ ನಲವತ್ತೆರಡೂ ಫಿಲಂ ನಿನಗೆ ತಲುಪಿದವು.

ಮತ್ತೆ ಓದು ಬೇಕಾದರೆ. ಬರೆದದ್ದು ಸರಿಯಾಗಿಯೇ ಇದೆ. ನೀವು ಹನ್ನೆರಡು ಜನ ನೋಡಿ ಗಂಟೆಗಟ್ಟಲೆ ಮಾತಾಡಿದ ಆ ಗುಂಡು ರೋಗವಲ್ಲ, ದೇವೀರಪ್ಪನ ಲಿಂಗ. ಬೇಕೆಂದೇ ಬಿಟ್ಟವನು ನಾನು.

ಐದನೆಯ ತಾರೀಖು ನೀನು ನರ್ಸಿಂಗ್ ಹೋಮಿಗೆ ಫೋನ್ ಮಾಡಿ, ಉಸಿರು ಬಿಡದೆ, "ಅಪ್ಪಾ, ಹದಿನೇಳನೇ ಫಿಲಂ ಇಲ್ಲಿ ಎಲ್ಲರ ಬಾಯಲ್ಲಿ, ಗಡ್ಡೆ ಅಂತ ಹತ್ತು ಜನ ಬರೆದ್ರು, ಸರ್ ಕೂಡ ಅದೇ ಅಂದ್ರು" ಅಂತ ಹೇಳಿ ಇಟ್ಟೆಯಲ್ಲ, ಅವತ್ತು ನನ್ನ ಸಂತೋಷ ಕೇಳಬೇಡ. ಕಲ್ಕತ್ತೆಯವರು ಬಿದ್ದರು! ಮಧ್ಯಾಹ್ನ ಎರಡು ತುತ್ತು ಹೆಚ್ಚು ಉಂಡೆ. ಸಂಜೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದೆ. ನಿನ್ನಮ್ಮ "ಏನು, ಮಗಳಿಗೆ ಜಾಗ ಸಿಕ್ತಾ?" ಅಂತ ಕೇಳಿದಳು. ಇಲ್ಲ ಅಂದೆ. "ಮತ್ಯಾಕೆ ಹಿಂಗಾಡ್ತೀರಿ" ಅಂದಳು. ನಾಲ್ಕು ದಿನ ಹೀಗೆ ಬೀಗಿಕೊಂಡು ತಿರುಗಿದೆ. ಸೋಮವಾರ ನಿನ್ನ ಪತ್ರ ಬಂತು, ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಬರೆದಿದ್ದೆ. ಆ ಗುಂಡನ್ನು ಎಲ್ಲರಿಗಿಂತ ಮೊದಲು ಗುರುತಿಸಿ ಅಳತೆ ಸಮೇತ ಚೀಟಿ ಬರೆದವಳು ನೀನು. ಇಪ್ಪತ್ತೆಂಟನೆಯ ತಾರೀಖಿನ ನಿನ್ನ ಮಾತು ಪೂರ್ತಿ ಆ ಫಿಲಂ ಸುತ್ತಲೇ ಕಟ್ಟಿದ್ದೀಯ. ಅಷ್ಟನ್ನಾದರೂ ನಾನು ತಡೆದುಕೊಳ್ಳುತ್ತಿದ್ದೆನೇನೋ. ಮೂರನೆಯ ಪುಟದಲ್ಲಿ ಬರೆದಿದ್ದೆಯಲ್ಲ, ನಿಮ್ಮ ಸರ್ ಮೊದಲು ಅನುಮಾನಪಟ್ಟರಂತೆ. ಅಂಚು ತೀರಾ ಚೊಕ್ಕಟವಾಗಿದೆ, ಮೈಮೇಲೆ ಏನಾದರೂ ಉಳಿದಿತ್ತೇ ಅಂತ ಕೇಳಿದರಂತೆ. ನೀನು ಎದ್ದು ನಿಂತು ಹೇಳಿದೆಯಂತೆ: "ಇಲ್ಲ ಸರ್, ಇದು ನಮ್ಮಪ್ಪ ತೆಗೆದದ್ದು. ಅವರು ಎದೆಯ ಮೇಲೆ ಏನನ್ನೂ ಬಿಡುವುದಿಲ್ಲ." ಅದಕ್ಕೇ ಅವರು ಒಪ್ಪಿದರಂತೆ.

ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಐವತ್ತಮೂರು "ಸರ್" ಎಣಿಸಿದ ಮೂರ್ಖನಿಗೆ, ಆ ಸರ್ ಎದುರಿಗೇ, ಹನ್ನೊಂದು ಜನರ ಮುಂದೆ ನೀನು ನನ್ನ ಮೇಲೆ ಪ್ರಮಾಣ ಮಾಡಿದ್ದೆ. ಅವರು ನೋಡಿದ್ದು ಸರಿಯಾಗಿಯೇ ಇತ್ತು. ಅವರ ಕಣ್ಣನ್ನು ತಪ್ಪಿಸಿದ್ದು ನನ್ನ ಜಾಣತನವಲ್ಲ, ನಿನ್ನ ನಂಬಿಕೆ. ನೀನು ಹೇಗೆ ಲಿಂಗವನ್ನು ಗುರುತಿಸಲಿಲ್ಲ ಅಂತ ಒಂದು ಗಳಿಗೆ ನಿನ್ನ ಮೇಲೂ ಸಿಟ್ಟು ಬಂತು. ಆಮೇಲೆ ಹೊಳೆಯಿತು, ನನ್ನ ಫಿಲಂ ನೋಡುತ್ತಾ ಬೆಳೆದವಳು ನೀನು, ಲಿಂಗದ ನೆರಳು ಹೇಗಿರುತ್ತದೆ ಅಂತ ನೋಡಿಯೇ ಇಲ್ಲ. ನಾನೇ ತೋರಿಸಿರಲಿಲ್ಲ. ಅವತ್ತೇ ಬರೆಯಬೇಕಿತ್ತು, ಕೈ ಬರಲಿಲ್ಲ. ಎಸ್.ಟಿ.ಡಿ. ಬೂತಿಗೆ ಹೋಗಿ ಎರಡು ಸಲ ನಿಮ್ಮ ಹಾಸ್ಟೆಲಿಗೆ ಫೋನ್ ಮಾಡಿದೆ. ಒಂದು ಸಲ ನೀನು ಸಿಗಲಿಲ್ಲ. ಇನ್ನೊಂದು ಸಲ ನೀನು ಸಿಕ್ಕೆ, "ಅಪ್ಪಾ, ನಿಮ್ಮಿಂದ ನನಗೆ ಆ ಜಾಗ ಸಿಕ್ಕೇ ಸಿಗುತ್ತೆ" ಅಂದೆ. ನಾನು ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ.

ಇಷ್ಟರಲ್ಲಿ ಫಿಲಂಗಳ ಜೊತೆ ನಾನು ಕಳಿಸಿದ್ದ ವಿಳಾಸದ ಪಟ್ಟಿ ನೋಡಿ ನಿಮ್ಮ ಸಂಸ್ಥೆಯಿಂದ ದೇವೀರಪ್ಪನಿಗೂ ಒಂದು ಕಾಗದ ಹೋಗಿದೆ, ನನಗೆ ತಿಳಿದದ್ದು ಮೊನ್ನೆ ಶನಿವಾರ. ಬಸ್ತಿಹಳ್ಳಿಯ ಮೇಷ್ಟ್ರ ಹತ್ತಿರ ಓದಿಸಿದ್ದಾರೆ. ಎಡಗಡೆ ಶ್ವಾಸಕೋಶದಲ್ಲಿ ಗಡ್ಡೆಯ ಅನುಮಾನ ಇದೆ, ಪುಣೆಗೆ ಬಂದರೆ ಸೂಜಿ ಹಾಕಿ ಚೂರು ತೆಗೆದು ನೋಡುತ್ತೇವೆ, ಖರ್ಚೆಲ್ಲ ನಮ್ಮದು ಅಂತ ಇದೆಯಂತೆ. ಅವನ ಹೆಂಡತಿ ರುದ್ರಮ್ಮ ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಿಂತು ಅತ್ತದ್ದನ್ನು ನಾನು ಬರೆಯಲಾರೆ. "ನಾಕು ದಿವ್ಸದಿಂದ ಗೋಡೆ ಕಡೀಕೆ ಮೊಕ ಮಾಡ್ಕಂಡು ಮಲಗವ್ರೆ ಸ್ವಾಮಿ, ಕಲ್ಲು ಮುಟ್ತಿಲ್ಲ, ಅನ್ನ ಮುಟ್ತಿಲ್ಲ, ಮಠಕ್ಕೋಗಿ ಎಲ್ಲಾರ್ತಾವೂ ತಪ್ಪಾಯ್ತು ಅಂತ ಹೇಳ್ಕಂಡ್ ಬಂದವ್ರೆ" ಅಂದಳು. ತಪ್ಪಾಯಿತು ಅಂತ ಹೇಳಬೇಕಾದವನು ನಾನು ಅವಳೆದುರು ಮೈಮೇಲಿನ ಟವಲು ಸರಿಮಾಡಿಕೊಳ್ಳುತ್ತ ನಿಂತಿದ್ದೆ. ಮಂಗಳವಾರ ಅವನನ್ನು ಕರಕೊಂಡು ಬಾ, ಇನ್ನೊಂದು ಫಿಲಂ ತೆಗೆಯೋಣ ಅಂದೆ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಬಂದರು. ಒಂದು ತಿಂಗಳಲ್ಲಿ ಇಳಿದುಹೋಗಿದ್ದಾನೆ. ನಾನೇ ನನ್ನ ಕೈಯಾರೆ ಅವನ ಲಿಂಗವನ್ನು ನೆತ್ತಿಯ ಮೇಲಿಟ್ಟು ಪಟ್ಟಿ ಕಟ್ಟಿದೆ. ಉಸಿರು ಎಳಕೋ ಅಂದರೆ ಪೂರ್ತಿ ಎಳೆಯಲಾರ, ಕೆಮ್ಮುತ್ತಾನೆ. ಮೂರನೆಯ ಸಲಕ್ಕೆ ಆಯಿತು. ತೊಳೆದ ಫಿಲಮನ್ನು ನೀರು ಸುರಿಯುತ್ತಿರುವಾಗಲೇ ಬೆಳಕಿಗೆ ಹಿಡಿದೆ. ಎಡಗಡೆ ಕೆಳಗೆ ಏನೂ ಇಲ್ಲ, ಶುಭ್ರ. ಅಲ್ಲೇ ಅವರಿಬ್ಬರನ್ನೂ ಕೂರಿಸಿ ಎಲ್ಲ ಹೇಳಿಬಿಟ್ಟೆ, ನಿಮ್ಮ ಸರ್ ಮೇಲಿನ ಹೊಟ್ಟೆಕಿಚ್ಚನ್ನೂ ಬಿಡದೆ. ರುದ್ರಮ್ಮ ಬಯ್ಯುತ್ತಾಳೆ ಅಂದುಕೊಂಡೆ. ದೇವೀರಪ್ಪ ಲಿಂಗವನ್ನು ತಲೆಯಿಂದ ಇಳಿಸಿ ಕಣ್ಣಿಗೊತ್ತಿಕೊಂಡು, "ಅಂಗಾರೆ ನಂಗೇನೂ ಇಲ್ವಾ ಸ್ವಾಮಿ?" ಅಂತ ಒಂದೇ ಮಾತು ಕೇಳಿದ. ಏನೂ ಇಲ್ಲ, ಹೋಗಿ ಉಣ್ಣು ಅಂದೆ. ಇಬ್ಬರೂ ಅಳುತ್ತ ನಗುತ್ತ ಹನ್ನೆರಡೂವರೆ ಬಸ್ಸಿಗೆ ಹೋದರು. ಅದಾದ ಮೇಲೆ ನನಗೆ ಈ ಪತ್ರ ಬರೆಯುವ ಧೈರ್ಯ ಬಂದದ್ದು.

ಈಗ ನೀನು ಮಾಡಬೇಕಾದದ್ದು ಹೇಳುತ್ತೇನೆ. ಮೊದಲು, ತಂತ್ರಜ್ಞನ ಕೈತಪ್ಪಿನಿಂದ ಲಿಂಗ ಉಳಿದುಕೊಂಡಿತ್ತು ಅಂತ ಹೇಳು ಅಂತ ಬರೆಯೋಣವೆಂದುಕೊಂಡಿದ್ದೆ. ನಿನಗೂ ಹಗುರ, ನನಗೂ ಹಗುರ. ಬೇಡ. ಅಪ್ಪ ಬೇಕೆಂದು ಮಾಡಿದ್ದು ಅಂತಲೇ ಹೇಳು, ಯಾಕೆ ಅಂತ ಕೇಳಿದರೆ ಅದನ್ನೂ ಹೇಳು. ಇಪ್ಪತ್ತೆಂಟಕ್ಕೆ ಮುಂಚೆ, ಇಡೀ ಸಭೆಯಲ್ಲಿ ಬೇರೆ ಯಾರೋ ಎದ್ದು ನಿಂತು ಕೇಳುವ ಮುಂಚೆ ಹೇಳು. ಉಳಿದ ನಲವತ್ತೊಂದು ಫಿಲಂಗಳು ನಿನ್ನ ಅವ್ವಜ್ಜಿಯ ಮೇಲಾಣೆ ಶುದ್ಧವಾಗಿವೆ, ಅದರಲ್ಲಿ ದೂಳು ತಿಂದ ಎದೆಗಳು ಬೇಕಾದಷ್ಟಿವೆ. ಹದಿನೇಳನ್ನು ತೆಗೆದಿಟ್ಟು ಅವುಗಳ ಮೇಲೆ ಮಾತು ಕಟ್ಟು. ಹತ್ತು ದಿನ ಸಾಲುತ್ತಾ ಅಂತ ಕೇಳಬೇಡ, ಮೆಡಿಕಲ್ ಪರೀಕ್ಷೆಗೆ ನೀನು ನಾಲ್ಕು ದಿನದಲ್ಲಿ ಓದಿದವಳು. ಜಾಗ ಕೈಬಿಟ್ಟು ಹೋದರೆ ನನ್ನನ್ನು ಬಯ್ಯಿ. ಜೀವಮಾನವಿಡೀ ಬಯ್ಯಿ. ಆದರೆ ಪತ್ರ ಬರೆದು ಬಯ್ಯಿ, ಬರೆಯದೆ ಇರಬೇಡ.

ನಿನ್ನಮ್ಮನಿಗೆ ಇದನ್ನೆಲ್ಲ ಹೇಳಿದೆ. ಕೇಳಿ "ಇದ್ದೊಬ್ಬ ಮಗಳ ಕಾಲಿಗೇ ಕಲ್ಲು ಹಾಕಿದ್ರಲ್ರೀ" ಅಂದಳು. ಅವಳು ನಿನಗೆ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾಳೆ, ಪಾರ್ಸೆಲ್ ಮಾಡುತ್ತೇನೆ. ಜೊತೆಯ ಹುಡುಗಿಯರಿಗೂ ಕೊಡು. ಚಳಿಗೆ ಸ್ವೆಟರು ಹಾಕಿಕೋ. ನಿಮ್ಮ ಸರ್‌ಗೆ ನನ್ನ ನಮಸ್ಕಾರ ಹೇಳು ಅಂತ ಬರೆಯುವುದು ಇದೇ ಮೊದಲು, ಹೇಳು.

ನಿನಗೆ ಎಲ್ಲ ಒಳ್ಳೆಯದಾಗಲಿ ಅಂತ ಬೇಡುವ, ಬೇಡುವ ಮುಖವಿಲ್ಲದ
ನಿನ್ನ ಅಪ್ಪ
ಗಂಗಾಧರಯ್ಯ

ತಾ.ಕ.: ಸಿರಿ, ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ, ಅಂಚೆ ಮುಚ್ಚುವುದಕ್ಕೆ ಕಾಲು ಗಂಟೆ ಇದೆ. ಇವತ್ತಿನ ಫಿಲಂ ಈಗ ಒಣಗಿತು. ನಿನಗೆ ಕಳಿಸಲೆಂದು ದೀಪದ ಪೆಟ್ಟಿಗೆಗೆ ಹಾಕಿದೆ. ಎಡಗಡೆ ಶುಭ್ರವೇ. ಬಲಗಡೆ, ತೀರಾ ಮೇಲೆ, ಕಾಲರ್ ಮೂಳೆಯ ಹಿಂದೆ ಏನೋ ಇದೆ ಕಣೇ. ಬೆಳಿಗ್ಗೆ ಒದ್ದೆಯಲ್ಲಿ ನಾನು ಲಿಂಗ ಇದ್ದ ಜಾಗವನ್ನು ಬಿಟ್ಟು ಬೇರೆಲ್ಲೂ ನೋಡಲೇ ಇಲ್ಲ. ಆ ಹಳೆಯ ಹದಿನೇಳರಲ್ಲೂ ಅದು ಇರಬೇಕು. ನೀವು ಹನ್ನೆರಡು ಜನ, ನಿಮ್ಮ ಸರ್, ಎಲ್ಲರೂ ನಾನು ಇಟ್ಟ ಗುಂಡನ್ನೇ ನೋಡಿರುತ್ತೀರಿ. ಈಗಲೇ ತೆಗೆದು ಬಲಗಡೆ ಮೇಲೆ ನೋಡಿ. ದೂಳೋ, ಕ್ಷಯವೋ, ಅವರು ಹೆದರಿದ ಗಡ್ಡೆಯೇ ಇನ್ನೊಂದು ಕಡೆ ಇದೆಯೋ, ಮೂರು ಸಲ ನೋಡಿದರೂ ತಿಳಿಯಲಿಲ್ಲ. ಅವನಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿಬಿಟ್ಟೆನಲ್ಲ. ನಾಳೆ ಮೊದಲನೆಯ ಬಸ್ಸಿಗೆ ಬಸ್ತಿಹಳ್ಳಿಗೆ ಹೋಗುತ್ತೇನೆ, ಭಾನುವಾರದ ರೈಲಿಗೆ ದೇವೀರಪ್ಪನನ್ನು ಕರೆದುಕೊಂಡು ನಾನೇ ಬರುತ್ತೇನೆ. ಸ್ಟೇಷನ್ನಿಗೆ ನೀನು ಬರದಿದ್ದರೂ ಚಿಂತೆಯಿಲ್ಲ, ದಾರಿ ಕೇಳಿಕೊಳ್ಳುತ್ತೇನೆ. ನಿಮ್ಮ ಸರ್ ಸೋಮವಾರ ಊರಲ್ಲಿರಬೇಕು, ಅಷ್ಟು ನೋಡಿಕೋ. ಅರಸೀಕೆರೆಯ ಗಂಗಾಧರಯ್ಯನಿಗೆ ಈ ಫಿಲಂ ಓದಲು ಬರಲಿಲ್ಲ, ನೀವು ನೋಡಬೇಕಂತೆ ಅಂತ ಅವರಿಗೆ ಹೇಳು.